ಕೊಡಗಿನ ಕೋವಿ ಹಕ್ಕು

ಕೊಡಗಿನ ಕೋವಿ ಹಕ್ಕು ಎಂಬುದು ಕರ್ನಾಟಕದ ಕೊಡಗು ಜಿಲ್ಲೆಯ ಕೊಡವ ಜನಾಂಗದವರಿಗೂ ಅಲ್ಲಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಬಂದೂಕು ಹೊಂದಲು ಹಾಗೂ ಒಯ್ಯಲು ದೊರೆತಿರುವ ವಿನಾಯಿತಿಗೆ ರೂಢಿಯಲ್ಲಿರುವ ಹೆಸರು. ಭಾರತದಲ್ಲಿ ಬಂದೂಕು ಹೊಂದಬಯಸುವ ಸಾಮಾನ್ಯ ನಾಗರಿಕನು 1959ರ ಶಸ್ತ್ರಾಸ್ತ್ರ ಕಾಯಿದೆಯ ಅನ್ವಯ ಪರವಾನಗಿ ಪಡೆಯಲೇಬೇಕು. ಒಂದು ಜನಾಂಗದ ಹೆಸರು ಹಾಗೂ ಒಂದು ಬಗೆಯ ಭೂಹಿಡುವಳಿ ಇವೆರಡರ ಆಧಾರದ ಮೇಲೆ ಆ ಕಟ್ಟುಪಾಡಿನಿಂದ ಬಿಡುಗಡೆ ನೀಡಿರುವುದರಿಂದ ಕೊಡಗಿನ ವ್ಯವಸ್ಥೆ ಗಮನ ಸೆಳೆದಿದೆ. 1861ರಲ್ಲಿ ಬ್ರಿಟಿಷ್ ಆಡಳಿತವು ಆರಂಭಿಸಿದ ಈ ವಿನಾಯಿತಿಯನ್ನು ಸ್ವತಂತ್ರ ಭಾರತದ ಸರ್ಕಾರವೂ ಉಳಿಸಿಕೊಂಡಿತು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯವು ಹೊರಡಿಸಿದ ಅಧಿಸೂಚನೆಯ ಪ್ರಕಾರ ಅದರ ಅವಧಿ 2029ರ ಅಕ್ಟೋಬರ್‌ವರೆಗೆ ಇದೆ. ಸಮಾನತೆಯ ತತ್ತ್ವಕ್ಕೆ ಇದು ವಿರುದ್ಧವೆಂದು ಸಲ್ಲಿಸಲಾಗಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು.

ಹೆಸರು ಮತ್ತು ಕಾನೂನಿನ ಸ್ವರೂಪ

ಕೊಡಗು ಮತ್ತು ಮಲೆನಾಡಿನ ಕನ್ನಡದಲ್ಲಿ ಬಂದೂಕಿಗೆ ಕೋವಿ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಕೊಡವ ಭಾಷೆಯಲ್ಲಿ ಅದು ತೋಕ್. ಜನಬಳಕೆಯಲ್ಲಿ "ಹಕ್ಕು" ಎಂದು ಕರೆಯಲಾಗುತ್ತಿದ್ದರೂ ಕಾನೂನಿನ ದೃಷ್ಟಿಯಲ್ಲಿ ಇದು ಹಕ್ಕಲ್ಲ, ವಿನಾಯಿತಿ. ಈ ವ್ಯತ್ಯಾಸ ಕೇವಲ ಪದಗಳದ್ದಲ್ಲ. ಶಸ್ತ್ರಾಸ್ತ್ರ ಕಾಯಿದೆಯ 41ನೇ ಪ್ರಕರಣವು, ಸಾರ್ವಜನಿಕ ಹಿತದೃಷ್ಟಿಯಿಂದ ಅಗತ್ಯವೆಂದು ಕಂಡಲ್ಲಿ ಯಾವುದೇ ವ್ಯಕ್ತಿಯನ್ನು ಅಥವಾ ವರ್ಗವನ್ನು ಕಾಯಿದೆಯ ಎಲ್ಲ ಇಲ್ಲವೇ ಕೆಲವು ಉಪಬಂಧಗಳಿಂದ ಹೊರತುಪಡಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡುತ್ತದೆ. ಅದೇ ಪ್ರಕರಣವು ಅಂಥ ಅಧಿಸೂಚನೆಯನ್ನು ರದ್ದುಪಡಿಸುವ ಅಧಿಕಾರವನ್ನೂ ಒಳಗೊಂಡಿದೆ. ಹೀಗಾಗಿ ಕೊಡಗಿನ ಕೋವಿ ಉಳಿದಿರುವುದು ಸಂಸತ್ತು ರಚಿಸಿದ ಪ್ರತ್ಯೇಕ ಶಾಸನದಿಂದಲ್ಲ, ಸಂವಿಧಾನದ ಯಾವುದೇ ವಿಧಿಯಿಂದಲೂ ಅಲ್ಲ; ಕಾರ್ಯಾಂಗದ ಒಂದು ಅಧಿಸೂಚನೆಯಿಂದ.

ವಿನಾಯಿತಿಯ ಫಲಾನುಭವಿಗಳು ಎರಡು ಗುಂಪಿನವರು. ಮೊದಲನೆಯದು ಕೊಡಗು ಜನಾಂಗಕ್ಕೆ ಸೇರಿದ ಪ್ರತಿಯೊಬ್ಬ ವ್ಯಕ್ತಿ. ಎರಡನೆಯದು ಕೊಡಗಿನ ಪ್ರತಿಯೊಬ್ಬ ಜಮ್ಮಾ ಹಿಡುವಳಿದಾರ. ಮೊದಲ ಗುಂಪು ಹುಟ್ಟನ್ನು ನೋಡುತ್ತದೆ, ಎರಡನೆಯದು ನೆಲವನ್ನು. ಈ ಕಾರಣದಿಂದ ವಿನಾಯಿತಿಯನ್ನು ಕೊಡವರಿಗೆ ಮಾತ್ರ ಸಂಬಂಧಿಸಿದ್ದೆಂದು ಹೇಳುವುದು ಸರಿಯಲ್ಲ. ಜಮ್ಮಾ ಭೂಮಿ ಇರುವ ಅರೆಭಾಷೆ ಗೌಡರು ಮತ್ತಿತರ ಸಮುದಾಯಗಳ ಕುಟುಂಬಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಜಿಲ್ಲೆಯ ಹೊರಗೆ ವಾಸಿಸುವಾಗ ಅಥವಾ ಪ್ರಯಾಣಿಸುವಾಗ ವಿನಾಯಿತಿ ಪಡೆದವರು ಒಂದು ರೈಫಲ್ ಮತ್ತು 100 ತೋಟಾಗಳು, ಒಂದು ನಯನಳಿಗೆಯ ಬಂದೂಕು ಮತ್ತು 500 ತೋಟಾಗಳು ಅಥವಾ ಅದಕ್ಕೆ ಸಮನಾದ ಚರೆ ಹಾಗೂ ಮದ್ದು, ಇದಕ್ಕಿಂತ ಹೆಚ್ಚನ್ನು ಹೊಂದುವಂತಿಲ್ಲ ಎಂಬುದು 1963ರ ಅಧಿಸೂಚನೆಯಲ್ಲಿದ್ದ ಷರತ್ತು.

ಚರಿತ್ರೆ

ಕೋವಿಯ ಕಥೆಗೆ ನೆಲದ ಕಥೆಯೇ ಪೀಠಿಕೆ. ಹಾಲೇರಿ ಅರಸರ ಕಾಲದಲ್ಲಿ ಕೊಡಗಿನ ಕುಟುಂಬಗಳಿಗೆ ಜಮ್ಮಾ ಎಂಬ ವಂಶಪಾರಂಪರ್ಯ ಹಿಡುವಳಿಯ ಮೇಲೆ ಗದ್ದೆಗಳನ್ನು ನೀಡಲಾಗುತ್ತಿತ್ತು. ಈ ಭೂಮಿಯ ಕಂದಾಯ ಸಾಮಾನ್ಯ ಸಾಗು ಭೂಮಿಯ ಕಂದಾಯದ ಅರ್ಧದಷ್ಟು ಮಾತ್ರ. ಉಳಿದರ್ಧಕ್ಕೆ ಬದಲಾಗಿ ಅರಸನು ಕರೆದಾಗ ಆಯುಧ ಸಹಿತ ಹಾಜರಾಗಿ ಸೇವೆ ಸಲ್ಲಿಸುವುದು ಹಿಡುವಳಿದಾರನ ಹೊಣೆಯಾಗಿತ್ತು. ಭೂಮಿ ವ್ಯಕ್ತಿಯದಾಗಿರದೆ ಒಕ್ಕದ, ಅಂದರೆ ಕೂಡುಕುಟುಂಬದ ಆಸ್ತಿಯಾಗಿತ್ತು, ಅದನ್ನು ಮಾರುವಂತಿರಲಿಲ್ಲ. ಆಯುಧ ಆ ಒಪ್ಪಂದದ ಭಾಗವಾಗಿದ್ದುದರಿಂದ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಸವಲತ್ತಿಗಿಂತ ಹೆಚ್ಚಾಗಿ ಕರ್ತವ್ಯವಾಗಿತ್ತೆನ್ನಬಹುದು.

1834ರಲ್ಲಿ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಈಸ್ಟ್ ಇಂಡಿಯಾ ಕಂಪನಿಯು ಕೊಡಗನ್ನು ವಶಪಡಿಸಿಕೊಂಡಿತು. ಮೂರು ವರ್ಷಗಳಲ್ಲಿಯೇ, 1837ರಲ್ಲಿ, ಅಮರ ಸುಳ್ಯದ ದಂಗೆ ನಡೆಯಿತು. ಗುಡ್ಡೆಮನೆ ಅಪ್ಪಯ್ಯಗೌಡರಂಥವರು ಆಯುಧ ಹಿಡಿದು ಕಂಪನಿಯ ವಿರುದ್ಧ ನಿಂತರೆ, ಕೊಡಗಿನವರೇ ಆದ ಮತ್ತೆ ಕೆಲವರು ದಂಗೆಯನ್ನು ಅಡಗಿಸಲು ನೆರವಾದರು. ಹಾಗೆ ನೆರವಾದವರಿಗೆ ಕಂಪನಿ ಪದಕಗಳನ್ನು ನೀಡಿ ಗೌರವಿಸಿತು.

1857ರ ಹೋರಾಟದ ಬಳಿಕ ಬ್ರಿಟಿಷರು ದೇಶದ ಜನರಿಂದ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆ ತಂದರು. ಆಗ ಮೈಸೂರು ಮತ್ತು ಕೊಡಗಿನ ಆಡಳಿತ ನೋಡಿಕೊಳ್ಳುತ್ತಿದ್ದ ಕಮಿಷನರ್ ಮಾರ್ಕ್ ಕಬ್ಬನ್, 1861ರ ಫೆಬ್ರವರಿಯಲ್ಲಿ, ಆ ಕಾಯಿದೆ ಕೊಡಗಿನವರಿಗೆ ಅನ್ವಯಿಸುವುದಿಲ್ಲವೆಂದು ಪ್ರಕಟಿಸಿದರು. ಪ್ರಕಟಣೆಯು ಕೊಡಗಿನವರ ಶೌರ್ಯ ಹಾಗೂ ನಿಷ್ಠೆಯನ್ನು ಕಾರಣವಾಗಿ ನೀಡಿತ್ತು. ಹೊಗಳಿಕೆಯ ಹಿಂದೆ ರಾಜಕೀಯ ಲೆಕ್ಕಾಚಾರವೂ ಇತ್ತೆಂಬುದನ್ನು ಮರೆಯಲಾಗದು: ನಂಬಬಹುದಾದವರ ಕೈಯಲ್ಲಿ ಆಯುಧ, ಉಳಿದವರ ಕೈ ಬರಿದು ಎಂಬ ನೀತಿ ಅದು. 1878ರಲ್ಲಿ ವೈಸರಾಯ್ ಲಿಟ್ಟನ್ ಕಾಲದಲ್ಲಿ ಬಂದ ಭಾರತೀಯ ಶಸ್ತ್ರಾಸ್ತ್ರ ಕಾಯಿದೆಯು ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿ ಯುರೋಪಿಯನ್ನರನ್ನು ಹೊರಗಿಟ್ಟಾಗ ಈ ನೀತಿ ಇನ್ನೂ ಬೆತ್ತಲಾಗಿ ಕಂಡಿತು. ಆ ಹೊತ್ತಿನಲ್ಲೂ ಕೊಡಗಿನ ವಿನಾಯಿತಿ ಮುಂದುವರಿಯಿತು.

1956ರ ನವೆಂಬರ್ 1ರಂದು ಕೊಡಗು ಪ್ರತ್ಯೇಕ ರಾಜ್ಯವಾಗಿ ಉಳಿಯದೆ ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. 1959ರ ಕಾಯಿದೆ ಜಾರಿಯಾದ ನಂತರ, 1963ರಲ್ಲಿ ಕೇಂದ್ರ ಸರ್ಕಾರವು 41ನೇ ಪ್ರಕರಣದಡಿ ಹೊಸ ಅಧಿಸೂಚನೆ ಹೊರಡಿಸಿ ಹಳೆಯ ವಿನಾಯಿತಿಗೆ ಸ್ವತಂತ್ರ ಭಾರತದ ಮುದ್ರೆ ಒತ್ತಿತು.

ಸಂವಿಧಾನ ಸಭೆಯಲ್ಲಿ ಆಯುಧದ ಪ್ರಶ್ನೆ

ಆಯುಧ ಹೊಂದುವುದು ಎಲ್ಲ ಭಾರತೀಯರ ಮೂಲಭೂತ ಹಕ್ಕಾಗಬಹುದಾಗಿದ್ದ ಒಂದು ಗಳಿಗೆ ಇತ್ತು. ವಸಾಹತುಶಾಹಿಯ ನಿಶ್ಶಸ್ತ್ರೀಕರಣವನ್ನು ರಾಷ್ಟ್ರೀಯ ಚಳವಳಿಯು ಅವಮಾನವೆಂದೇ ಭಾವಿಸಿತ್ತು. ಅಹಿಂಸೆಯ ಪ್ರತಿಪಾದಕರಾದ ಗಾಂಧೀಜಿಯವರು ಕೂಡ 1918ರ ಸೈನ್ಯ ಭರ್ತಿಯ ಕರಪತ್ರದಲ್ಲಿ, ಇಡೀ ರಾಷ್ಟ್ರವನ್ನು ಆಯುಧಹೀನಗೊಳಿಸಿದ ಕಾಯಿದೆಯನ್ನು ಬ್ರಿಟಿಷ್ ಆಳ್ವಿಕೆಯ ಅತ್ಯಂತ ಕರಾಳ ಕೃತ್ಯವೆಂದು ಟೀಕಿಸಿದ್ದರು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನವು ಅಂಗೀಕರಿಸಿದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು.

1948ರ ಡಿಸೆಂಬರ್‌ನಲ್ಲಿ, ಮಂಗಳೂರಿನಲ್ಲಿ ಜನಿಸಿದ ಸದಸ್ಯ ಎಚ್. ವಿ. ಕಾಮತ್ ಅವರು ಇದನ್ನು ಸಂವಿಧಾನದಲ್ಲಿಯೂ ಸೇರಿಸಬೇಕೆಂದು ತಿದ್ದುಪಡಿ ಮಂಡಿಸಿದರು. ಬಿ. ಆರ್. ಅಂಬೇಡ್ಕರ್ ಅದನ್ನು ವಿರೋಧಿಸಿದರು. ಹಾಗೊಂದು ಹಕ್ಕನ್ನು ಮೂಲಭೂತವೆಂದು ಬರೆದಿಟ್ಟರೆ ಕಳ್ಳಕಾಕರೂ ರೂಢಿಗತ ಅಪರಾಧಿಗಳೂ ಅದನ್ನೇ ಮುಂದೊಡ್ಡಬಹುದೆಂಬುದು ಅವರ ವಾದದ ತಿರುಳು. ತಿದ್ದುಪಡಿ ಬಿದ್ದುಹೋಯಿತು. ಅಂಗೀಕಾರವಾದ ಸಂವಿಧಾನದ 19ನೇ ವಿಧಿ ಶಾಂತಿಯುತವಾಗಿ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕನ್ನು ಮಾತ್ರ ನೀಡುತ್ತದೆ. ಆಯುಧಕ್ಕೆ ಅನುಕೂಲವಾಗಿ ಸಂವಿಧಾನ ಮಾತನಾಡುವುದು ಒಂದೇ ಕಡೆ: 25ನೇ ವಿಧಿಯ ವಿವರಣೆಯಲ್ಲಿ, ಸಿಖ್ಖರು ಕಿರ್ಪಾನ್ ಧರಿಸುವುದು ಅವರ ಧರ್ಮಾಚರಣೆಯ ಅಂಗವೆಂದು ಅದು ಒಪ್ಪುತ್ತದೆ. ಕೊಡಗಿನ ಕೋವಿಗೂ ಇದೇ ಬಗೆಯ ಸಾಂವಿಧಾನಿಕ ರಕ್ಷಣೆ ದೊರೆಯಬೇಕೆಂಬುದು ಕೊಡವ ನ್ಯಾಷನಲ್ ಕೌನ್ಸಿಲ್‌ನ ಬೇಡಿಕೆಗಳಲ್ಲಿ ಒಂದು. ಅಧಿಸೂಚನೆಯ ಆಸರೆ ಎಷ್ಟು ತೆಳುವೆಂಬುದನ್ನು ಈ ಬೇಡಿಕೆಯೇ ಸೂಚಿಸುತ್ತದೆ.

ಸಂಪ್ರದಾಯದಲ್ಲಿ ಕೋವಿ

ಕೊಡವರ ಬದುಕಿನಲ್ಲಿ ಕೋವಿಯ ಸ್ಥಾನವನ್ನು ಬೇಟೆ ಹಾಗೂ ಆತ್ಮರಕ್ಷಣೆಗಳಿಗೆ ಸೀಮಿತಗೊಳಿಸಿ ನೋಡಿದರೆ ವಿವಾದದ ಅರ್ಧ ಭಾಗ ಅರ್ಥವಾಗುವುದಿಲ್ಲ. ಗಂಡುಮಗು ಹುಟ್ಟಿದಾಗ ಆಕಾಶಕ್ಕೆ ಒಂದು ಗುಂಡು ಹಾರಿಸುವುದು ವಾಡಿಕೆ. ಸಾವು ಸಂಭವಿಸಿದಾಗ ಒಂದರ ಹಿಂದೊಂದು ಎರಡು ಗುಂಡು. ಬೆಟ್ಟಗಳ ನಡುವೆ ದೂರ ದೂರ ಹರಡಿರುವ ಐನ್‌ಮನೆಗಳಿಗೆ ಸುದ್ದಿ ಮುಟ್ಟಿಸುವ ಬಗೆಯೂ ಅದಾಗಿತ್ತು. ಜೋಡಿ ಗುಂಡು ಕೇಳಿದ ನೆರೆಹೊರೆಯವರು ಕೆಲಸ ಬಿಟ್ಟು ಸಾವಿನ ಮನೆಗೆ ಧಾವಿಸುತ್ತಿದ್ದರು.

ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊದ್ ಆಯುಧಗಳ ಹಬ್ಬ. ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಶುಚಿಗೊಳಿಸಿ, ತೋಕ್ ಪೂ ಇಟ್ಟು ಪೂಜಿಸುತ್ತಾರೆ. ಆಕಾರ ಹಾಗೂ ಬಣ್ಣದಲ್ಲಿ ಬೆಂಕಿಯ ನಾಲಗೆಯನ್ನು ಹೋಲುವ ಈ ಕಾಡುಹೂವಿನ ಹೆಸರಿನ ಅರ್ಥವೇ ಕೋವಿಯ ಹೂ. ಪೂಜೆಯ ನಂತರ ಊರ ಬಯಲಿನಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವ ಮುಹೂರ್ತವನ್ನು ಸಾರುವುದೂ ಕೋವಿಯ ಸದ್ದೇ. ಜನರಲ್ ಕೆ. ಎಂ. ಕಾರ್ಯಪ್ಪ, ಜನರಲ್ ಕೆ. ಎಸ್. ತಿಮ್ಮಯ್ಯ ಅವರಂಥ ಸೇನಾ ಮುಖ್ಯಸ್ಥರನ್ನು ನೀಡಿದ ನಾಡೆಂಬ ಹೆಮ್ಮೆಯೂ ಈ ಆಚರಣೆಗಳೊಂದಿಗೆ ಬೆಸೆದುಕೊಂಡಿದೆ.

ದೇಶದ ಉಳಿದೆಡೆಯ ನಿಯಮ

ವಿನಾಯಿತಿ ಇಲ್ಲದ ನಾಗರಿಕನಿಗೆ ಕನಿಷ್ಠ 21 ವರ್ಷ ವಯಸ್ಸಾಗಿರಬೇಕು. ಅರ್ಜಿಯ ಮೇಲೆ ಪೊಲೀಸ್ ವರದಿ ಪಡೆದು ಪರವಾನಗಿ ಪ್ರಾಧಿಕಾರವು ತೀರ್ಮಾನಿಸುತ್ತದೆ. ಸಾರ್ವಜನಿಕ ಶಾಂತಿ ಅಥವಾ ಸುರಕ್ಷತೆಯ ಕಾರಣದಿಂದ ನಿರಾಕರಿಸಬಹುದು, ಕೊಟ್ಟದ್ದನ್ನು ಅಮಾನತಿನಲ್ಲಿಡಬಹುದು, ರದ್ದುಪಡಿಸಲೂಬಹುದು. ನಿರಾಕರಣೆಯ ವಿರುದ್ಧ ಮೇಲ್ಮನವಿಗೆ ಅವಕಾಶವಿದೆ. ರೈತನು ಬೆಳೆ ರಕ್ಷಣೆಗಾಗಿ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಕೇಳಿದರೆ ಕಾಯಿದೆ ತುಸು ಸಡಿಲವಾಗುತ್ತದೆ. ಮಲೆನಾಡಿನ ಹಲವು ಮನೆಗಳಲ್ಲಿರುವ ಕೇಪಿನ ಕೋವಿಗಳು ಈ ಬಗೆಯವು.

2019ರ ತಿದ್ದುಪಡಿಯು ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮಸೂದೆಯಲ್ಲಿ ಮೊದಲು ಇದ್ದುದು ಒಂದೇ. ಪರವಾನಗಿಯ ಅವಧಿ ಮೂರು ವರ್ಷಗಳಿಂದ ಐದಕ್ಕೆ ಏರಿತು. 2023ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿಗಳಾದ ಕೆ. ಎಂ. ಜೋಸೆಫ್ ಹಾಗೂ ಬಿ. ವಿ. ನಾಗರತ್ನ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠವು ಪರವಾನಗಿಯಿಲ್ಲದ ಬಂದೂಕುಗಳ ಹಾವಳಿಯನ್ನು ತಾನಾಗಿಯೇ ಪರಿಗಣನೆಗೆ ತೆಗೆದುಕೊಂಡು, ಅಮೆರಿಕದಲ್ಲಿರುವಂತೆ ಬಂದೂಕು ಹೊಂದುವ ಮೂಲಭೂತ ಹಕ್ಕು ಭಾರತದಲ್ಲಿಲ್ಲವೆಂದು ನೆನಪಿಸಿತು.

ಉಚ್ಚ ನ್ಯಾಯಾಲಯದ ತೀರ್ಪು

ವಿನಾಯಿತಿಯನ್ನು ಪ್ರಶ್ನಿಸಿದ ಅರ್ಜಿಯ ವಾದ ಸರಳವೂ ಗಟ್ಟಿಯೂ ಆಗಿತ್ತು. ಜನಾಂಗ ಮತ್ತು ಪೂರ್ವಿಕರ ಭೂಮಿಯ ಆಧಾರದಲ್ಲಿ ಕೆಲವರಿಗೆ ಮಾತ್ರ ಬಂದೂಕು ಒದಗಿಸುವುದು ಸಂವಿಧಾನದ 14 ಮತ್ತು 15ನೇ ವಿಧಿಗಳ ಸಮಾನತೆಗೆ ವಿರುದ್ಧ. ವಸಾಹತು ದೊರೆಗಳು ತಮ್ಮ ಅನುಕೂಲಕ್ಕಾಗಿ ಕೊಟ್ಟ ಸವಲತ್ತನ್ನು ಗಣರಾಜ್ಯವು ಹೊತ್ತು ತಿರುಗಬೇಕಾಗಿಲ್ಲ. ಅದೇ ಜಿಲ್ಲೆಯಲ್ಲಿ, ಅದೇ ಕಾಡಾನೆಯ ಭಯದಲ್ಲಿ ಬದುಕುವ ಜಮ್ಮಾ ಭೂಮಿಯಿಲ್ಲದ ರೈತನಾಗಲಿ ತೋಟದ ಕಾರ್ಮಿಕನಾಗಲಿ ಪರವಾನಗಿಗಾಗಿ ಕಾಯಬೇಕಾಗಿರುವುದನ್ನು ಗಮನಿಸಿದರೆ ಈ ವಾದದ ಬಲ ತಿಳಿಯುತ್ತದೆ.

ಹಂಗಾಮಿ ಮುಖ್ಯ ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮ ಮತ್ತು ನ್ಯಾಯಮೂರ್ತಿ ಸಚಿನ್ ಶಂಕರ್ ಮಗದುಮ್ ಅವರ ವಿಭಾಗೀಯ ಪೀಠ 2021ರ ಸೆಪ್ಟೆಂಬರ್ 22ರಂದು ಅರ್ಜಿಯನ್ನು ವಜಾಗೊಳಿಸಿತು. ಕೊಡವರು ಯೋಧ ಪರಂಪರೆಯ ಸಮುದಾಯ, ವಿನಾಯಿತಿಯು ಸ್ವಾತಂತ್ರ್ಯಪೂರ್ವದಿಂದಲೂ ನಡೆದುಬಂದಿದೆ, ಅದು ಅನಿರ್ದಿಷ್ಟ ಕಾಲಕ್ಕಲ್ಲ, ಹತ್ತು ವರ್ಷಗಳ ಮಿತಿಗೂ ಷರತ್ತುಗಳಿಗೂ ಒಳಪಟ್ಟಿದೆ ಎಂಬುವು ಪೀಠವು ಮುಖ್ಯವೆಂದು ಕಂಡ ಅಂಶಗಳು. ಯೋಧ ಜನಾಂಗ ಎಂಬ ವರ್ಗೀಕರಣವನ್ನು ಬೆಳೆಸಿದವರು ಬ್ರಿಟಿಷರೇ ಆದುದರಿಂದ ತೀರ್ಪಿನ ಈ ಆಧಾರ ಚರ್ಚೆಗೆ ಎಡೆಮಾಡಿಕೊಡುತ್ತದೆ. ಕಾಲಮಿತಿಯ ಅಂಶ ಅದಕ್ಕಿಂತ ಗಟ್ಟಿಯಾದದ್ದು: ವಿನಾಯಿತಿಯು ನಿಯತಕಾಲಿಕ ಮರುಪರಿಶೀಲನೆಗೆ ತೆರೆದಿರುವುದನ್ನೇ ಅದರ ಸಿಂಧುತ್ವದ ಒಂದು ಕಾರಣವಾಗಿ ಅದು ನೋಡುತ್ತದೆ.

ಸಾರ್ವಜನಿಕ ಸುರಕ್ಷತೆ

ವಿನಾಯಿತಿಯ ಸಮರ್ಥಕರು, ಇಷ್ಟು ಕಾಲ ಮನೆಮನೆಯಲ್ಲಿ ಕೋವಿ ಇದ್ದರೂ ಕೊಡಗು ಶಾಂತವಾಗಿಯೇ ಇದೆ ಎನ್ನುತ್ತಾರೆ. ಭಾರತದಲ್ಲಿ ಪೊಲೀಸರು ವಶಪಡಿಸಿಕೊಳ್ಳುವ ಬಂದೂಕುಗಳಲ್ಲಿ ಬಹುಪಾಲು ಪರವಾನಗಿಯಿಲ್ಲದ ನಾಡ ಬಂದೂಕುಗಳೇ ಎಂಬುದು ರಾಷ್ಟ್ರೀಯ ಅಪರಾಧ ದಾಖಲೆಗಳ ಕಚೇರಿಯ ವಾರ್ಷಿಕ ವರದಿಗಳಿಂದ ಸ್ಪಷ್ಟ. ಆದರೆ ಸುರಕ್ಷತೆಯನ್ನು ಸಂಘಟಿತ ಅಪರಾಧದ ಅಳತೆಗೋಲಿನಿಂದ ಮಾತ್ರ ಅಳೆಯಲಾಗದು. ರಾತ್ರಿ ಕಾಡುಹಂದಿಗೆ ಹೊಂಚುಹಾಕಿದವನ ಗುಂಡು ಪೊದೆಯಾಚೆ ಇದ್ದ ಮನುಷ್ಯನಿಗೆ ತಗಲುವುದು, ಆಸ್ತಿ ಪಾಲಿನ ಜಗಳದಲ್ಲಿ ಕೈಗೆ ಸಿಕ್ಕ ಕೋವಿ ಸಿಡಿಯುವುದು, ಮನನೊಂದವನು ಅದನ್ನು ತನ್ನತ್ತಲೇ ತಿರುಗಿಸಿಕೊಳ್ಳುವುದು ಇವು ಕೋವಿ ಇರುವ ಮಲೆನಾಡಿನ ಮನೆಗಳಿಗೆ ಅಪರಿಚಿತ ಸುದ್ದಿಗಳಲ್ಲ. ಪರವಾನಗಿ ವ್ಯವಸ್ಥೆಯಲ್ಲಿ ನವೀಕರಣದ ಹೊತ್ತಿಗಾದರೂ ಅಧಿಕಾರಿಯೊಬ್ಬರು ಒಡೆಯನ ನಡತೆಯನ್ನು ವಿಚಾರಿಸುತ್ತಾರೆ. ಪರವಾನಗಿಯೇ ಇಲ್ಲದಲ್ಲಿ ಆ ನಿಯತ ಪರಿಶೀಲನೆಗೆ ಆಸ್ಪದ ಕಡಿಮೆ. ಅಪರಾಧ ಎಸಗಿದವನಿಗೆ ವಿನಾಯಿತಿ ಯಾವ ರಕ್ಷಣೆಯನ್ನೂ ನೀಡುವುದಿಲ್ಲವೆಂಬುದು ನಿಜ. ಅದು ಘಟನೆಯ ನಂತರದ ಮಾತು.

ವನ್ಯಜೀವಿ ಕಾನೂನು ಇಲ್ಲಿ ಇನ್ನೊಂದು ಗೆರೆ ಎಳೆಯುತ್ತದೆ. ಕೋವಿ ಇಟ್ಟುಕೊಳ್ಳಲು ಬಿಡುಗಡೆ ಇದೆಯೆಂದ ಮಾತ್ರಕ್ಕೆ ಬೇಟೆಗೆ ಅನುಮತಿ ಇದೆಯೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಪ್ರಾಣರಕ್ಷಣೆಯ ಸಂದರ್ಭ ಹಾಗೂ ಅಧಿಕಾರಿಗಳ ಅನುಮತಿಯ ಹೊರತು ಸಂರಕ್ಷಿತ ಪ್ರಾಣಿಗಳನ್ನು ಕೊಲ್ಲುವುದನ್ನು ನಿಷೇಧಿಸಿದೆ. ಅಭಯಾರಣ್ಯದ ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ವಾಸಿಸುವವರು ತಮ್ಮ ಬಂದೂಕುಗಳ ಬಗ್ಗೆ ನೋಂದಣಿ ಮಾಡಿಸಬೇಕೆಂಬ ನಿಯಮವೂ ಅದರಲ್ಲಿದೆ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳಿರುವ, ನಾಗರಹೊಳೆ ರಾಷ್ಟ್ರೀಯ ಉದ್ಯಾನಕ್ಕೆ ಹೊಂದಿಕೊಂಡಿರುವ 4,102 ಚದರ ಕಿಲೋಮೀಟರಿನ ಪುಟ್ಟ ಜಿಲ್ಲೆಯಲ್ಲಿ ಇದು ಸಣ್ಣ ಷರತ್ತಲ್ಲ. ಇನ್ನು ಕಾಫಿ ತೋಟಕ್ಕೆ ನುಗ್ಗುವ ಆನೆಯನ್ನು ಬೆಳೆಗಾರನು ಹೆಚ್ಚೆಂದರೆ ಗಾಳಿಯಲ್ಲಿ ಗುಂಡು ಹಾರಿಸಿ ಬೆದರಿಸಬಲ್ಲ.

ಚುನಾವಣೆ ಬಂದಾಗ ಈ ಘರ್ಷಣೆ ಪ್ರತಿಬಾರಿಯೂ ಮೇಲೇಳುತ್ತದೆ. ಮತದಾನ ಶಾಂತಿಯುತವಾಗಿ ನಡೆಯಲೆಂದು ಬಂದೂಕುಗಳನ್ನು ಪೊಲೀಸ್ ಠಾಣೆಗಳಲ್ಲಿ ಠೇವಣಿ ಇಡುವಂತೆ ಜಿಲ್ಲಾಡಳಿತ ಸೂಚಿಸುವುದು ರಾಜ್ಯದಾದ್ಯಂತ ಇರುವ ಕ್ರಮ. ಕೊಡಗು ಮತ್ತು ಮಲೆನಾಡಿನ ಬೆಳೆಗಾರರು ಇದನ್ನು ಆಕ್ಷೇಪಿಸುತ್ತಾರೆ: ಫಸಲು ತೋಟದಲ್ಲಿರುವಾಗ, ಆನೆ ಹಂದಿಗಳ ಕಾಟ ಎಂದಿನಂತಿರುವಾಗ, ಯಾವ ಆರೋಪವೂ ಇಲ್ಲದವರ ಕೋವಿಯನ್ನು ವಾರಗಟ್ಟಲೆ ಠಾಣೆಯಲ್ಲಿರಿಸುವುದು ಯಾವ ನ್ಯಾಯ? ಚುನಾವಣಾ ಆಯೋಗದ ಮಾರ್ಗಸೂಚಿಯಂತೆ ಪರಿಶೀಲನಾ ಸಮಿತಿಯು ಅಪರಾಧ ಹಿನ್ನೆಲೆ ಮುಂತಾದವುಗಳನ್ನು ಗಮನಿಸಿ ಯಾರು ಠೇವಣಿ ಇಡಬೇಕೆಂಬುದನ್ನು ನಿರ್ಣಯಿಸಬೇಕು. ಸಾರಾಸಗಟು ಆದೇಶ ಆಡಳಿತಕ್ಕೆ ಸುಲಭ, ಒಬ್ಬೊಬ್ಬರನ್ನಾಗಿ ಪರಿಶೀಲಿಸುವುದು ಕಷ್ಟ. ವಿವಾದ ಮೂಡುವುದು ಈ ಅಂತರದಲ್ಲಿಯೇ.

ಸಂಭ್ರಮಾಚರಣೆಯ ಗುಂಡಿನ ಕುರಿತ ಹೊಸ ನಿಯಮವೂ ಕೊಡಗಿನ ಮಟ್ಟಿಗೆ ಮಹತ್ವದ್ದು. ಉತ್ತರ ಭಾರತದ ಮದುವೆಗಳಲ್ಲಿ ಹಾರಿಸಿದ ಗುಂಡುಗಳಿಂದ ಸಂಭವಿಸಿದ ಸಾವುಗಳ ಹಿನ್ನೆಲೆಯಲ್ಲಿ, 2019ರ ತಿದ್ದುಪಡಿಯು ಇಂಥ ಕೃತ್ಯಕ್ಕೆ ಎರಡು ವರ್ಷಗಳವರೆಗಿನ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಿದೆ. ಸಾರ್ವಜನಿಕ ಕೂಟ, ಧಾರ್ಮಿಕ ಸ್ಥಳ, ಮದುವೆ ಮುಂತಾದ ಸಮಾರಂಭಗಳು ವ್ಯಾಖ್ಯೆಯಲ್ಲಿ ಸೇರಿವೆ. ಮೇಲ್ನೋಟಕ್ಕೆ ಪುತ್ತರಿಯ ಗುಂಡೂ ಇದರೊಳಗೆ ಬರುವಂತೆ ಕಾಣುತ್ತದೆ. ಆದರೆ ಅಪರಾಧವೆನಿಸಲು ಆ ಗುಂಡು ಇತರರ ಜೀವಕ್ಕೆ ಅಥವಾ ಸುರಕ್ಷತೆಗೆ ಅಪಾಯ ಒಡ್ಡುವಂತಿರಬೇಕೆಂದು ಕಾಯಿದೆ ಹೇಳುತ್ತದೆ. ತೆರೆದ ಗದ್ದೆಯಲ್ಲಿ ಹಿರಿಯರೊಬ್ಬರು ಹಾರಿಸುವ ಒಂದು ಗುಂಡಿಗೂ ಜನಜಂಗುಳಿಯ ನಡುವೆ ಅಮಲಿನಲ್ಲಿ ಸಿಡಿಸುವ ಗುಂಡಿಗೂ ಈ ಪದಗಳು ಅಂತರ ಉಳಿಸಿವೆ.

ಇತರ ದೇಶಗಳೊಂದಿಗೆ ಹೋಲಿಕೆ

ಬಂದೂಕಿನ ಚರ್ಚೆಯಲ್ಲಿ ಅಮೆರಿಕವನ್ನು ಉಲ್ಲೇಖಿಸುವುದು ರೂಢಿ. ಅಲ್ಲಿ 1791ರ ಎರಡನೆಯ ತಿದ್ದುಪಡಿಯ ಹಕ್ಕು ವ್ಯಕ್ತಿಗತವೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಹೇಳಿತು. ಕೌಟುಂಬಿಕ ಹಿಂಸೆಯ ತಡೆಯಾಜ್ಞೆಗೆ ಒಳಗಾದವರ ಬಂದೂಕನ್ನು ಕಸಿದುಕೊಳ್ಳಬಹುದೆಂದು 2024ರಲ್ಲಿ ಒಪ್ಪಿತು. ಆಸ್ಟ್ರೇಲಿಯಾವು 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಜನರು ಹತರಾದ ಬಳಿಕ ಆರು ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ಹಣ ಕೊಟ್ಟು ಹಿಂಪಡೆಯಿತು.

ಕೊಡಗಿಗೆ ಹತ್ತಿರದ ಹೋಲಿಕೆ ಈ ಎರಡೂ ಅಲ್ಲ, ಸ್ವಿಟ್ಜರ್ಲೆಂಡ್. ಅಲ್ಲಿ ನಾಗರಿಕ ಸೈನಿಕರು ತಮ್ಮ ಸೇವಾ ರೈಫಲನ್ನು ಮನೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ ಇದೆ. ಜಮ್ಮಾ ಹಿಡುವಳಿದಾರನಂತೆ ಅವರ ಆಯುಧವೂ ಸೇವೆಯ ಹೊಣೆಯಿಂದ ಬಂದದ್ದು. ಗುರಿಯೆಸೆತದ ಸ್ಪರ್ಧೆಗಳು ಅಲ್ಲಿಯೂ ಊರಹಬ್ಬಗಳೇ. ರೈಫಲುಗಳನ್ನು ಶಸ್ತ್ರಾಗಾರಕ್ಕೆ ಒಪ್ಪಿಸಬೇಕೆಂಬ ಪ್ರಸ್ತಾಪವನ್ನು 2011ರ ಜನಮತಗಣನೆ ತಿರಸ್ಕರಿಸಿತು. ಆದರೆ ಸೇವಾ ರೈಫಲಿನ ತೋಟಾಗಳನ್ನು ಮನೆಗೆ ಕೊಡುವುದನ್ನು ಸರ್ಕಾರ ಅದಕ್ಕೆ ಮೊದಲೇ, 2007ರಲ್ಲಿ, ನಿಲ್ಲಿಸಲು ತೀರ್ಮಾನಿಸಿತ್ತು. 2019ರಲ್ಲಿ ಯುರೋಪಿಯನ್ ಒಕ್ಕೂಟದ ಬಿಗಿ ನಿಯಮಗಳನ್ನು ಅಳವಡಿಸಿಕೊಳ್ಳುವ ಪ್ರಸ್ತಾಪಕ್ಕೆ ಸುಮಾರು ಶೇಕಡ 64ರಷ್ಟು ಮತದಾರರು ಒಪ್ಪಿಗೆ ನೀಡಿದರು. ಕೊಡಗಿನಲ್ಲಿ ಹಳೆಯ ಸೇವೆಯ ಹೊಣೆ ಅರಸೊತ್ತಿಗೆಯೊಂದಿಗೆ ಕೊನೆಗೊಂಡಿತು, ಆಯುಧ ಮಾತ್ರ ಉಳಿಯಿತು; ಸ್ವಿಟ್ಜರ್ಲೆಂಡಿನಲ್ಲಿ ಎರಡೂ ಉಳಿದಿವೆ.